ಮಂಜಿನಲ್ಲಿ ಎರಡು ಕೂಗು

ಅಲ್ ಖೌದ್, ಮಸ್ಕತ್
ಶುಕ್ರವಾರ, 21 ಫೆಬ್ರವರಿ 2025

ಪ್ರೀತಿಯ ಅಕ್ಕಾ,

ನಿನ್ನ ತಮ್ಮ ಶಾಮ ಮಾಡುವ ನಮಸ್ಕಾರಗಳು. ಮಂಡಿನೋವು ಹೇಗಿದೆ? ಹೋದ ಸಲ ಕಳುಹಿಸಿದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ವಾಸನೆ ಸರಿಯಿಲ್ಲವೆಂದು ಕಪಾಟಿನ ಮೇಲೆ ಎತ್ತಿಟ್ಟಿದ್ದೀಯೋ? ಎತ್ತಿಟ್ಟಿರುತ್ತೀ, ನನಗೆ ಗೊತ್ತಿಲ್ಲವೇ. ರಾತ್ರಿ ಊಟ ಬಿಡುತ್ತಿದ್ದೀಯಂತೆ, ನಿನ್ನ ಮಗ ಅನೂಪ ಹೇಳಿದ. ಒಂದು ಹಿಡಿ ಮೊಸರನ್ನವನ್ನಾದರೂ ತಿನ್ನು. ಇಷ್ಟು ವರ್ಷಗಳ ಮೇಲೆ ಇವನು ಕಾಗದ ಬರೆದಿದ್ದಾನಲ್ಲ, ಏನಾಯಿತಪ್ಪಾ ಎಂದು ಗಾಬರಿಯಾಗಬೇಡ. ನಿಮ್ಮ ಮನೆಯಲ್ಲಿ ಫೋನನ್ನು ಸ್ಪೀಕರಿಗೆ ಹಾಕಿ ಊಟದ ಮೇಜಿನ ಮೇಲೆ ಮಲಗಿಸುತ್ತಾರೆ. ಸೊಸೆ, ಮೊಮ್ಮಗ, ಕುಕ್ಕರಿನ ಸೀಟಿ ಎಲ್ಲರೂ ನನ್ನೊಡನೆ ಮಾತಾಡುತ್ತಾರೆ, ನೀನೊಬ್ಬಳನ್ನು ಬಿಟ್ಟು. ನಿನಗೊಬ್ಬಳಿಗೇ ಹೇಳಬೇಕಾದ ಮಾತನ್ನು ಅಲ್ಲಿ ಹೇಳಲಾಗುವುದಿಲ್ಲ. ನಮ್ಮ ಕಚೇರಿಯವರೊಬ್ಬರು ಇವತ್ತು ಮೈಸೂರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಇದನ್ನು ಕೊಡುತ್ತೇನೆ.

ಮೊದಲು ನಗುವ ಸುದ್ದಿ. ನಿನ್ನ ತಮ್ಮ ಐವತ್ತೆಂಟನೆಯ ವಯಸ್ಸಿನಲ್ಲಿ ಹಿಮದ ಮೇಲೆ ಜಾರಲು ಹೋಗಿದ್ದ! ಜೂನಿನಲ್ಲಿ ನಾನು ನಿವೃತ್ತನಾಗುತ್ತೇನಲ್ಲ, ಅದಕ್ಕೆ ಮೊದಲು ಒಂದು ಪ್ರವಾಸ ಆಗಲೇಬೇಕೆಂದು ಹಟ ಹಿಡಿದವನು ಸವಾದ್. ಮತ್ರಾದ ಹಳೆಯ ಪೇಟೆಯಲ್ಲಿ ಬಟ್ಟೆಯಂಗಡಿ ಇಟ್ಟಿದ್ದಾನಲ್ಲ, ಉಪ್ಪಿನಂಗಡಿಯವನು, ಪ್ರತಿ ರಂಜಾನಿಗೆ ನಿನಗೆ ಖರ್ಜೂರ ಕಳುಹಿಸುವವನು, ಅವನೇ. ಮೂರನೆಯವನು ಫಿಲಿಪ್. ರುಸೈಲಿನ ನಮ್ಮ ಪೇಂಟ್ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದಿಂದ ನನ್ನ ಎದುರು ಮೇಜಿನಲ್ಲಿ ಕೂತು ನನ್ನ ತಲೆ ತಿನ್ನುತ್ತಿರುವವನು. ಜಾರ್ಜಿಯಾ ಎಂಬ ದೇಶದಲ್ಲಿ ಗುದೌರಿ ಅಂತ ಒಂದು ಬೆಟ್ಟದೂರು. ಇಲ್ಲಿನ ನೌಕರಿಯ ಗುರುತುಚೀಟಿ ಇದ್ದರೆ ಅಲ್ಲಿಗೆ ವೀಸಾ ಬೇಡ, ಅದಕ್ಕೇ ಚಳಿಗಾಲ ಬಂತೆಂದರೆ ಮಸ್ಕತ್ತಿನ ಅರ್ಧ ಜನ ಅಲ್ಲಿರುತ್ತಾರೆ. ಮಗಳು ಖುಷಿಗೆ ಹೇಳಿದರೆ, "ಅಪ್ಪಾ, ಆರ್ ಯೂ ಸೀರಿಯಸ್?" ಎಂದು ನಕ್ಕಳು. ನಮ್ಮ ಮನೆಯವಳು ನಗಲಿಲ್ಲ. ನಾಲ್ಕು ಬನಿಯನ್, ಎರಡು ಮಂಕಿ ಕ್ಯಾಪು, ಒಂದು ಡಬ್ಬಿ ಪುಳಿಯೋಗರೆ ಗೊಜ್ಜು ಕಟ್ಟಿಕೊಟ್ಟಳು. ಗೊಜ್ಜನ್ನು ಸವಾದ್ ವಿಮಾನದಿಂದ ಇಳಿಯುವ ಮೊದಲೇ ಅರ್ಧ ಮುಗಿಸಿದ.

ಅಲ್ಲಿ ನಮಗೆ ಜಾರುವುದನ್ನು ಕಲಿಸಲು ಒಬ್ಬ ಹೆಂಗಸು. ನಲವತ್ತರ ಸುಮಾರು, ಗಟ್ಟಿಮುಟ್ಟಾದ ಆಳು. ಅವಳ ಹೆಸರೇನು ಗೊತ್ತೇ? ನೀನೋ. ಆ ಊರಿನಲ್ಲಿ ಅದು ನಮ್ಮ ಲಕ್ಷ್ಮಿ, ಸರಸ್ವತಿಯಷ್ಟೇ ಮಾಮೂಲು ಹೆಸರಂತೆ. ಫಿಲಿಪ್ ಮೂರು ದಿನವೂ ಅದನ್ನೇ ಆಡಿಕೊಂಡ. ನಾನು "ನೀನೋ" ಎಂದು ಅವಳನ್ನು ಕರೆದಾಗಲೆಲ್ಲ ಇವನು ಹಿಂದಿನಿಂದ "ಹೌದು ಮಾರಾಯ್ರೇ, ನಾನೇ" ಎನ್ನುತ್ತಿದ್ದ. ಆ ಹೆಂಗಸು ನಾವೇಕೆ ನಗುತ್ತೇವೆಂದು ತಿಳಿಯದೆ ತಾನೂ ನಗುತ್ತಿದ್ದಳು. ಕಾಲಿಗೆ ಕಲ್ಲಿನಷ್ಟು ಭಾರದ ಬೂಟು, ಅದಕ್ಕೆ ಆಳುದ್ದದ ಎರಡು ಪಟ್ಟಿ. ನಿಲ್ಲಬೇಕೆಂದರೆ ಪಟ್ಟಿಗಳ ಮುಂದಿನ ತುದಿ ಹತ್ತಿರ ತಂದು ಹಿಮ್ಮಡಿ ಅಗಲಿಸಬೇಕು. ಅದಕ್ಕೆ ಅವಳು "ಪಿಜ್ಜಾ, ಪಿಜ್ಜಾ" ಎಂದು ಕಿರುಚುತ್ತಿದ್ದಳು. ನನಗೆ ತಲೆಗೆ ಹೋಗಲಿಲ್ಲ. ಸವಾದ್ ಬಿಡಿಸಿ ಹೇಳಿದ, "ಶ್ಯಾಮಣ್ಣ, ನೀವು ಸಮೋಸ ಅಂತ ಎಣಿಸಿ." ಆಮೇಲೆ ಸರಿಹೋಯಿತು. ಎರಡನೆಯ ದಿನ ಹತ್ತು ಮಾರು ದೂರ ಬೀಳದೆ ಬಂದೆ ಅಕ್ಕಾ, ನಿನ್ನಾಣೆ. ಗಾಳಿ ಮುಖಕ್ಕೆ ಬಡಿಯುವಾಗ ಚಿಕ್ಕ ಹುಡುಗನಾದ ಹಾಗಾಯಿತು, ತುಂಬ ಸಂತೋಷವಾಯಿತು.

ಮೂರನೆಯ ದಿನದ ಸಂಗತಿ ಬೇರೆ. ನೀನೋ ನಮ್ಮನ್ನು ಸ್ವಲ್ಪ ಎತ್ತರದ ಇಳಿಜಾರಿಗೆ ಕರೆದುಕೊಂಡು ಹೋಗಿದ್ದಳು. ಮಧ್ಯಾಹ್ನ ಮೂರು ಗಂಟೆಗೆ ಮಂಜು ಇಳಿಯಿತು. ನೋಡನೋಡುತ್ತಿದ್ದಂತೆ ಕತ್ತಲಾದ ಹಾಗೆ, ದೀಪ ಹಚ್ಚುವ ಹೊತ್ತಿನ ಹಾಗೆ ಆಗಿಬಿಟ್ಟಿತು. ಅವಳು ನನ್ನನ್ನೂ ಫಿಲಿಪನನ್ನೂ ಅಲ್ಲೇ ನಿಲ್ಲಿಸಿ, ಅಲುಗಾಡಬೇಡಿ ಎಂದು ಕೈಸನ್ನೆ ಮಾಡಿ, ಮೊದಲು ಸವಾದ್‌ನನ್ನು ಕೆಳಗೆ ಬಿಟ್ಟು ಬರಲು ಹೋದಳು. ಸುಮ್ಮನೆ ನಿಲ್ಲುವ ಜಾತಿಯೇ ಫಿಲಿಪನದು? ನಾಲ್ಕು ಹೆಜ್ಜೆ ಆಚೆ ಸರಿದ. ಮಂಜಿನಲ್ಲಿ ಅವನ ಕೆಂಪು ಕೋಟು ಕಾಣದಾಯಿತು. ಸರ್ರೆಂದು ಒಂದು ಸದ್ದು, ಆಮೇಲೆ ಏನೂ ಇಲ್ಲ. ಹಿಮ ಬಿದ್ದ ಕಡೆ ಇರುವ ಮೌನವನ್ನು ನೀನು ಕೇಳಿಲ್ಲ, ಕೇಳುವುದೂ ಬೇಡ. ಆಗ ಕೆಳಗಿನಿಂದ ಯಾರೋ "ಶಾಮಾ" ಎಂದು ಕರೆದರು.

ಅಕ್ಕಾ, ಫಿಲಿಪ್ ಒಂದು ದಿನವೂ ನನ್ನನ್ನು ಶಾಮಾ ಎಂದು ಕರೆದವನಲ್ಲ, ಅವನಿಗೆ ನಾನು ಶ್ಯಾಮಣ್ಣ. ಅವನ ಬಾಯಿಗೆ ಹಿಮ ತುಂಬಿ ಉಳಿದರ್ಧ ಹೊರಡಲಿಲ್ಲ ಎಂದು ಈಗ ಗೊತ್ತಿದೆ. ಆಗ ಗೊತ್ತಿರಲಿಲ್ಲ. ಆ ಧ್ವನಿ ಬಾವಿಯೊಳಗಿನಿಂದ ಬಂತು. ನಂಜನಗೂಡಿನ ನಮ್ಮ ಹಿತ್ತಿಲ ಬಾವಿಯೊಳಗಿನಿಂದ. ನಾನು ಬಾಯಿ ತೆರೆಯಲಿಲ್ಲ. ಇನ್ನೊಂದು ಸಲ "ಶಾಮಾ" ಎಂದಿತು. ನಾನು ಮನಸ್ಸಿನಲ್ಲೇ ಎರಡು ಎಂದು ಎಣಿಸಿದೆ. ಎಣಿಸಿದೆ ಅಕ್ಕಾ! ಸಂಬಳಪಟ್ಟಿ ನೋಡುವ, ದಿನಾ ಪೇಪರ್ ಓದುವ, ಮದುವೆಗೆ ಬಂದ ಮಗಳಿರುವ ಗಂಡಸು, ಸ್ನೇಹಿತ ಗುಂಡಿಯಲ್ಲಿ ಬಿದ್ದಿರುವಾಗ ಮೂರನೆಯ ಕೂಗಿಗೆ ಕಾಯುತ್ತ ನಿಂತಿದ್ದೆ. ಮೂರನೆಯದು ಬರಲಿಲ್ಲ. ಎಷ್ಟು ಹೊತ್ತು ನಿಂತಿದ್ದೆನೋ, ಎರಡು ನಿಮಿಷವೋ, ಐದೋ. ಕೊನೆಗೆ ಕಲಿಸುವವಳನ್ನು ಕೂಗಿದೆ, "ನೀನೋ! ನೀನೋ!" ಎಂದು. ಕೂಗಿದ ಮೇಲೆ ನನ್ನ ಕಿವಿಗೇ ಅದು ಕನ್ನಡವಾಗಿ ಕೇಳಿಸಿತು. ಕೆಳಗಿನಿಂದ ಕ್ಷೀಣವಾಗಿ ಉತ್ತರ ಬಂತು, "ನಾನೇ."

ಆ ಮಾತನ್ನು ನಾನು ಮೊದಲೊಮ್ಮೆ ಕೇಳಿದ್ದೆ. ಅಷ್ಟರಲ್ಲಿ ನೀನೋ ಬಂದಳು. ಉತ್ತರ ಬಂದ ದಿಕ್ಕನ್ನು ತೋರಿಸಿದೆ. ದಾರಿಯ ಅಂಚಿನಲ್ಲಿ ಮೆತ್ತಗಿನ ಹಿಮದ ಗುಂಡಿ, ಅದರಲ್ಲಿ ಫಿಲಿಪ್ ತಲೆಕೆಳಗಾಗಿ ಹೂತುಹೋಗಿದ್ದ. ಕೈಯಿಂದಲೇ ಬಗೆದು ತೆಗೆದಳು. ತುಟಿ ನೀಲಿಯಾಗಿತ್ತು, ಭುಜದ ಮೂಳೆ ಮುರಿದಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಉಸಿರು ನಿಲ್ಲುತ್ತಿತ್ತು ಎಂದರು. ಈಗ ಪಟ್ಟಿ ಕಟ್ಟಿಸಿಕೊಂಡು ಮನೆಯಲ್ಲಿದ್ದಾನೆ. "ಶ್ಯಾಮಣ್ಣ ನೀನೋ ಅಂತ ಕೇಳಿದ್ರಲ್ಲ, ಅಭ್ಯಾಸಕ್ಕೆ ಬಾಯಿಗೆ ಬಂತು, ಇಲ್ಲದಿದ್ರೆ ನಾನು ಅಲ್ಲಿಯೇ ಖಲಾಸ್" ಎಂದು ಬಂದವರಿಗೆಲ್ಲ ಹೇಳಿ ನಗುತ್ತಾನೆ. ಅವನ ಹೆಂಡತಿ ಪ್ರೆಸಿಲ್ಲಾ ನನ್ನ ಕೈ ಹಿಡಿದು ಅತ್ತಳು. ಮೊಟ್ಟೆಯಿಲ್ಲದ ಕೇಕು ಮಾಡಿ ಕಳುಹಿಸಿದಳು. ಅದನ್ನು ಹಾಗೇ ಖುಷಿಯ ಕೈಗೆ ಕೊಟ್ಟುಬಿಟ್ಟೆ. ನಾನು ಎಣಿಸುತ್ತ ನಿಂತಿದ್ದನ್ನು ಅವರಿಗೆ ಹೇಳುವ ಧೈರ್ಯ ನನಗಿಲ್ಲ.

ಬಂದು ಹನ್ನೆರಡು ದಿನವಾಯಿತು, ಆ ಧ್ವನಿ ಮಾತ್ರ ಅಲ್ಲೇ ಉಳಿಯಲಿಲ್ಲ. ಕಾರ್ಖಾನೆಯಲ್ಲಿ ಬಣ್ಣ ಕಲಸುವ ಯಂತ್ರ ನಿಂತ ತಕ್ಷಣ ಕೇಳಿಸುತ್ತದೆ. ಮನೆಯಲ್ಲಿ ಎ.ಸಿ. ಆರಿಸಿದರೆ ಕೇಳಿಸುತ್ತದೆ. ಸೋಮವಾರ ಮೀಟಿಂಗಿನ ನಡುವೆ ಗಟ್ಟಿಯಾಗಿ "ಓ" ಎಂದುಬಿಟ್ಟೆ, ಎಲ್ಲರೂ ನನ್ನ ಮುಖ ನೋಡಿದರು. ನನಗೆ ಭಯವಾಗುತ್ತದೆ ಅಕ್ಕಾ.

ಐವತ್ತು ವರ್ಷದಿಂದ ನಾವಿಬ್ಬರೂ ನಾಗು ಚಿಕ್ಕಮ್ಮನ ಹೆಸರೆತ್ತಿಲ್ಲ. ಮುಸ್ಸಂಜೆಯಲ್ಲಿ ಯಾರಾದರೂ ಹೊರಗಿನಿಂದ ಹೆಸರು ಹಿಡಿದು ಕರೆದರೆ ಒಂದನೆಯ ಕೂಗಿಗೂ ಎರಡನೆಯ ಕೂಗಿಗೂ ಓಗೊಡಬಾರದು, ಮನುಷ್ಯರಾದರೆ ಮೂರನೆಯ ಸಲ ಕರೆದೇ ಕರೆಯುತ್ತಾರೆ ಎಂದು ನಮಗೆ ಹೇಳಿಕೊಟ್ಟವಳೇ ಅವಳು. ನೀರು ಸೇದಲು ಹೋಗಿ ಬಾವಿಕಟ್ಟೆಯಲ್ಲಿ ಕಾಲು ಜಾರಿ ಬಾವಿಯೊಳಗೆ ಬಿದ್ದು ತೀರಿಕೊಂಡ ಆ ಸಂಜೆ ನನ್ನನ್ನೇ ಕರೆದಳು. ಧ್ವನಿ ಅವಳದಾಗಿರಲಿಲ್ಲ, ಕೊಡದೊಳಗೆ ಬಾಯಿಟ್ಟು ಕರೆದ ಹಾಗಿತ್ತು. ಹನ್ನೆರಡು ವರ್ಷದ ನೀನು ಎಂಟು ವರ್ಷದ ನನ್ನ ಬಾಯಿಯ ಮೇಲೆ ಕೈ ಇಟ್ಟು, "ಸುಮ್ನಿರೋ, ಮೂರನೇದಾಗ್ಲಿ" ಎಂದು ಕಿವಿಯಲ್ಲಿ ಹೇಳಿದೆ. ಎರಡೇ ಸಲ ಕೂಗಿದಳು ಎಂದು ಆಮೇಲೆ ಮನೆಯವರೆಲ್ಲ ಹೇಳಿಕೊಂಡರು. ಅಮ್ಮ ನಿನಗೆ ಹೊಡೆದಳು. ಒಂದು ತಿಂಗಳು ನಿನ್ನನ್ನು ಮಾತಾಡಿಸಲಿಲ್ಲ. ಅಂದಿನಿಂದ ಸೊಪ್ಪಿನವಳು ಕೂಗಿದರೂ ನೀನು "ಬಂದೆ, ಬಂದೆ" ಎಂದು ಬಿದ್ದೆದ್ದು ಓಡುತ್ತೀ. ಈಗ ಸಂಜೆಯಾದರೆ ನೀನು ನಿಮ್ಮ ಮನೆಯ ಹಿತ್ತಿಲ ಬಾಗಿಲಿಗೆ ಕುರ್ಚಿ ಎಳೆದುಕೊಂಡು, ನಿನ್ನ ಅಂಗೈ ನೋಡಿಕೊಳ್ಳುತ್ತ, ಈ ಕೈಯೇ ಮಾಡಿದ್ದು ಎನ್ನುತ್ತೀಯಂತೆ, ಊಟಕ್ಕೆ ಏಳುವುದಿಲ್ಲವಂತೆ, ಅನೂಪ ಹೇಳಿದ. ಅವನಿಗೆ ಇದರ ತಲೆಬುಡ ತಿಳಿಯದು. ನನಗೆ ತಿಳಿಯುತ್ತದೆ.

ಅನೂಪನಿಗೂ ಸೊಸೆಗೂ ನನ್ನ ಆಶೀರ್ವಾದ ಹೇಳು, ಮೊಮ್ಮಗನ ಕೆನ್ನೆ ಹಿಂಡು. ಇವಳೂ ಖುಷಿಯೂ ನಿನ್ನನ್ನು ಕೇಳಿದ್ದಾರೆ. ಎಣ್ಣೆ ಹಚ್ಚಿಕೋ.

ಇಂತು, ನಿನ್ನ ಬೆನ್ನಿಗೆ ಅಂಟಿಕೊಂಡು ಬೆಳೆದ ತಮ್ಮ,
ಶ್ಯಾಮಸುಂದರ

ತಾ.ಕ.: ಲಕೋಟೆ ಅಂಟಿಸಿದ್ದವನು ಮತ್ತೆ ಹರಿದಿದ್ದೇನೆ. ಕಾಗದ ಒಯ್ಯುವವರು ಕೆಳಗೆ ಕಾರಿನ ಹಾರ್ನ್ ಹೊಡೆಯುತ್ತಿದ್ದಾರೆ, ಅಕ್ಷರ ಸೊಟ್ಟಗಾದರೆ ಬೈಯಬೇಡ. ಎರಡಲ್ಲ ಅಕ್ಕಾ, ಮೂರು. ಎರಡನೆಯ ಕೂಗಾದ ಮೇಲೆ ಮತ್ತೆ ಸದ್ದಿಲ್ಲವೆಂದು ನೀನು ದೇವರ ದೀಪ ಹಚ್ಚಲು ಒಳಗೆ ಹೋದೆ. ನಾನೊಬ್ಬನೇ ಹಿತ್ತಿಲ ಬಾಗಿಲಲ್ಲಿದ್ದೆ. ಆಗ ಅವಳು ಕೂಗಿದಳು, "ಶಾಮಾ, ನಾನೇ ಕಣೋ" ಎಂದಳು. ಅದು ಚಿಕ್ಕಮ್ಮನೆಂದು ನನಗೆ ಗೊತ್ತಾಯಿತು. ಗೊತ್ತಾಗಿಯೂ ಹೆದರಿ, ಬಾಗಿಲು ಮುಚ್ಚಿ ಚಿಲಕ ಹಾಕಿದೆ. ಅಮ್ಮ ಕೇಳಿದಾಗ ಎರಡೇ ಸಲ ಎಂದೆ. ನಿನಗೆ ಏಟು ಬೀಳುವಾಗ ನೋಡುತ್ತ ನಿಂತಿದ್ದೆ. ಇನ್ನು ಆ ಬಾಗಿಲಲ್ಲಿ ಕೂರಬೇಡ, ಎದ್ದು ಊಟ ಮಾಡು. ಅವಳು ಮೂರನೆಯ ಸಲ ಕರೆದಾಗ ನಿನ್ನ ಕೈ ನನ್ನ ಬಾಯಿಯ ಮೇಲೆ ಇರಲಿಲ್ಲ.