ಸಿಗ್ನಲ್ ಸಿಗುವ ತಾರಸಿ

ಮಾರ್ಚ್ 3, ಮಂಗಳವಾರ

ಬೆಳಿಗ್ಗೆಯೇ ಕಣಿವೆಯವನ ಹಂದಿ ದೊಡ್ಡಿ. ಹನ್ನೊಂದು ಸತ್ತಿವೆ, ಆರು ಏಳಲಾರದೆ ಮಲಗಿವೆ. ಕಿವಿಯ ಅಂಚು ನೇರಳೆ, ಮೂಗಿನಲ್ಲಿ ರಕ್ತ. ಹಂದಿ ಜ್ವರವೇ. ಆದರೂ ಲ್ಯಾಬ್ ಹೇಳಬೇಕು, ಜಾನುವಾರು ಇನ್ಸ್‌ಪೆಕ್ಟರ್ ಹೇಳಿದರೆ ಯಾರು ಕೇಳುತ್ತಾರೆ. ಎರಡರ ರಕ್ತ ತೆಗೆದೆ. ಒಂದು ಒದ್ದಿತು — ಮೊಣಕಾಲು ಬೂದುಗುಂಬಳ ಆಗಿದೆ.

ಫಾರಂ ಮೊಬೈಲಿನಲ್ಲೇ ತುಂಬಿದೆ. ಕಣಿವೆಯಲ್ಲಿ ಸಿಗ್ನಲ್ ಇಲ್ಲ, ಎಂದೂ ಇರಲಿಲ್ಲ. ‘ಸೇವ್ ಆಗಿದೆ, ನಂತರ ಕಳಿಸಿ’ ಎಂದಿತು. ಯಾವತ್ತಿನ ಹಾಗೆ ಒಂಬತ್ತು ಕಿಲೋಮೀಟರ್ ಬೈಕ್ ಓಡಿಸಿಕೊಂಡು ಅಣ್ಣನ ಮನೆ. ದಾರಿಯಲ್ಲೇ ಬಟ್ಟೆ ಬದಲಿಸಿ, ಬೂಟು ಔಷಧಿ ನೀರಿನಲ್ಲಿ ಅದ್ದಿ, ಹೊರಗಿನ ಮೆಟ್ಟಿಲು ಹತ್ತಿ ತಾರಸಿಗೆ. ಅಣ್ಣನದೂ ಹಂದಿ ಸಾಕಣೆ. ಅವನ ದೊಡ್ಡಿಯ ಕಡೆ ತಿರುಗಿಯೂ ನೋಡುವುದಿಲ್ಲ, ಅಷ್ಟು ಬುದ್ಧಿ ನನಗಿದೆ.

ನೀರಿನ ಟ್ಯಾಂಕಿನ ಪಕ್ಕ ನಿಂತರೆ ನಾಲ್ಕು ಕಡ್ಡಿ ಸಿಗ್ನಲ್. ಮೂರು ವರ್ಷದಿಂದ ಇದೇ ನನ್ನ ಆಫೀಸು. ‘ಕಳಿಸಿ’ ಒತ್ತಿದೆ. ಹೋಯಿತು. ರಾಜಧಾನಿಯಲ್ಲಿ ಯಾವನೋ ಒಬ್ಬ ನಕಾಶೆಯ ಮೇಲೆ ಕೆಂಪು ಚುಕ್ಕೆ ಇಡುತ್ತಾನಂತೆ. ಇಟ್ಟುಕೊಳ್ಳಲಿ.

ಅತ್ತಿಗೆ ಟೀ ತಂದರು. “ನಿನ್ನ ಆಫೀಸಿನ ಬೋರ್ಡು ಇಲ್ಲೇ ತಗುಲಿಹಾಕ್ಬಿಡು, ಟ್ಯಾಂಕ್ ಮೇಲೆ” ಎಂದು ನಕ್ಕರು.

ಕೆಳಗೆ ದಿನದ ಜಗಳ. ಬೇಲಿಯ ಈಚೆ ಅಣ್ಣ, ಆಚೆ ಮೊಟ್ಟೆ ಮಾವ. ಕೋಳಿ ಸಾಕುವ ಮುದುಕರು, ಇಡೀ ಬೀದಿಗೇ ಮಾವ.

“ನಿನ್ನ ಹಂದಿ ನಾತಕ್ಕೆ ನನ್ನ ಕೋಳಿ ಮೊಟ್ಟೆ ಇಡೋದನ್ನೇ ಮರ್ತಿವೆ ಕಣೋ!”

“ಕೋಳಿಗೆ ವಯಸ್ಸಾಯ್ತು ಮಾವ, ನಿಮ್ ಹಾಗೇ!”

ಅಣ್ಣನಿಗೆ ಕೋಪ ಮೂಗಿನ ತುದಿಯಲ್ಲೇ. ಕೈಯಲ್ಲಿ ಸಲಿಕೆ ಬೇರೆ. ನಾನು ಮೇಲಿಂದ ಕೂಗಿದೆ, ಇಬ್ಬರೂ ನನ್ನನ್ನೇ ಬೈದರು.

ಮಾರ್ಚ್ 6, ಶುಕ್ರವಾರ

ಲ್ಯಾಬ್ ರಿಸಲ್ಟ್ — ಪಾಸಿಟಿವ್. ನಮ್ಮ ಪಶು ಆಸ್ಪತ್ರೆಯ ಡಾಕ್ಟರು, ನನ್ನ ಮೇಲಧಿಕಾರಿ, ಫೋನ್ ಮಾಡಿದರು. ಕೊಲ್ಲುವ ತಂಡ ಸೋಮವಾರ ಬರುತ್ತದೆ, ಕೇಂದ್ರದಿಂದ ನೇರವಾಗಿ. ಚುಕ್ಕೆಯ ಸುತ್ತ ಒಂದು ಕಿಲೋಮೀಟರ್, ಒಂದು ಹಂದಿಯೂ ಉಳಿಯಬಾರದು. ನಾನು ಮೊದಲೇ ಹೋಗಿ ಗುಂಡಿ ತೋಡಿಸಿಕೊಂಡಿರಬೇಕು. ಅಣ್ಣನಿಗೆ ಹೇಳಿದೆ, ದೊಡ್ಡಿಯ ಬಾಗಿಲು ಭದ್ರ ಮಾಡಿಕೋ ಎಂದು. “ಪಾಪ ಕಣೇ ಅವ್ನು” ಎಂದ, ಕಣಿವೆಯವನ ಬಗ್ಗೆ.

ಮಾರ್ಚ್ 9, ಸೋಮವಾರ, ಬೆಳಿಗ್ಗೆ 10:20

ಕಣಿವೆಯಲ್ಲಿ. ಗುಂಡಿ ಆಯಿತು, ಎರಡಾಳು ಆಳ. ಸುಣ್ಣದ ಚೀಲ ಇಳಿಸಿ ಆಯಿತು. ತಂಡದ ಸುಳಿವಿಲ್ಲ. ಎಂಟಕ್ಕೆ ಬರುತ್ತೇವೆ ಎಂದಿದ್ದರು. ಕಣಿವೆಯವನು ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದಾನೆ. “ಬೇಗ ಮುಗಿಸ್ಬಿಡಿ ಅಕ್ಕಾ. ಕಾಯೋದಕ್ಕಾಗಲ್ಲ.” ಅದಕ್ಕೆ ಏನು ಹೇಳಲಿ. ಬರೆಯುತ್ತಾ ಕುಳಿತಿದ್ದೇನೆ.

ಅದೇ ದಿನ, ಸಂಜೆ

ಎಲ್ಲ ಬರೆಯುತ್ತೇನೆ.

ಹನ್ನೊಂದಕ್ಕೆ ಕಣಿವೆಯ ಮೇಲಿನ ದಿಬ್ಬ ಹತ್ತಿದೆ, ಅಲ್ಲಿ ನೆಟ್ ಬರದಿದ್ದರೂ ಕರೆ ಹೋಗುತ್ತದೆ. ತುದಿ ಮುಟ್ಟುವಷ್ಟರಲ್ಲಿ ಫೋನು ಬಡಬಡ ಬಡಿದುಕೊಂಡಿತು. ಹತ್ತೊಂಬತ್ತು ಮಿಸ್ಡ್ ಕಾಲ್. ಅತ್ತಿಗೆ, ಅತ್ತಿಗೆ, ಅತ್ತಿಗೆ. ತಿರುಗಿ ಮಾಡಿದೆ. ಮಾತಿಲ್ಲ, ಬರೀ ಕಿರುಚಾಟ. ಅತ್ತಿಗೆಯದೋ ಹಂದಿಯದೋ ತಿಳಿಯಲಿಲ್ಲ.

ಬೈಕ್ ಹೇಗೆ ಓಡಿಸಿದೆನೋ. ಅಣ್ಣನ ಅಂಗಳದಲ್ಲಿ ಬಿಳಿ ಸೂಟಿನ ಎಂಟು ಜನ. ಹಣೆಗೆ ಒತ್ತಿ ಹಿಡಿಯುವ ಗನ್ನು — ಟಪ್. ಬೀಳುತ್ತದೆ. ನಾಲ್ಕೂ ಕಾಲು ಗಾಳಿಯಲ್ಲಿ ಓಡುತ್ತವೆ. ಟಪ್. ಇನ್ನೊಂದು. ಅರವತ್ಮೂರರಲ್ಲಿ ಇಪ್ಪತ್ನಾಲ್ಕು ಆಗಲೇ ಸಾಲಾಗಿ ಬಿದ್ದಿದ್ದವು. ಉಳಿದವು ಗೋಡೆ ಹತ್ತಲು ನೋಡುತ್ತಿದ್ದವು, ಒಂದರ ಮೇಲೊಂದು. ಇಬ್ಬರು ಪೊಲೀಸರು ಅಣ್ಣನ ಕೈ ಹಿಂದಕ್ಕೆ ತಿರುಚಿ ಹಿಡಿದಿದ್ದರು. ಅವನ ಹುಬ್ಬು ಒಡೆದು ಒಂದು ಕಣ್ಣು ರಕ್ತದಲ್ಲಿ ಮುಚ್ಚಿತ್ತು.

ಡಾಕ್ಟರು ಬೇಲಿಯ ಬಳಿ ನಿಂತಿದ್ದರು.

“ಸಾರ್, ಇದು ನಮ್ಮಣ್ಣನ ಮನೆ! ರೋಗ ಇಲ್ಲಿಲ್ಲ. ಕಣಿವೇಲಿ ಗುಂಡಿ ತೋಡಿಸ್ಕೊಂಡು ಕಾಯ್ತಾ ಇದೀನಿ!”

ಟ್ಯಾಬ್ ತೋರಿಸಿದರು. ಕೆಂಪು ಚುಕ್ಕೆ, ಸುತ್ತ ವೃತ್ತ. ಚುಕ್ಕೆ ನೀರಿನ ಟ್ಯಾಂಕಿನ ಮೇಲೆ ಕುಳಿತಿತ್ತು.

“ಹೆಸರು ನೋಡಿ ಸಾರ್, ಹೆಸರು ಅವನದೇ ಇದೆ!”

“ತಂಡದವರು ಹೆಸರು ನೋಡಲ್ಲಮ್ಮ. ಜನ ಅಪ್ಪನ ಹೆಸರು ಬರೆಸ್ತಾರೆ, ಭಾಮೈದನ ಹೆಸರು ಬರೆಸ್ತಾರೆ. ಉಪಗ್ರಹ ಸುಳ್ಳು ಹೇಳಲ್ಲ ಅಂತ ಇವರ ಲೆಕ್ಕ. ಅದಿರ್ಲಿ... ಫಾರಂ ನೀನು ಎಲ್ಲಿಂದ ಕಳಿಸ್ದೆ?”

ಆಗ ತಿಳಿಯಿತು. ಆ್ಯಪ್ ಜಾಗ ಗುರುತು ಮಾಡಿಕೊಳ್ಳುವುದು ತುಂಬುವಾಗ ಅಲ್ಲ, ಕಳಿಸುವಾಗ. ತಲೆಯ ಮೇಲೆ ಕಲ್ಲು ಬಿದ್ದ ಹಾಗಾಯಿತು.

“ನಿಲ್ಸಿ ಸಾರ್. ಉಳಿದಿರೋವನ್ನಾದ್ರೂ ಬಿಡಿ.”

“ಈ ತಂಡದವರ ಬೂಟು ನಿನ್ನೆ ಎರಡು ರೋಗದ ದೊಡ್ಡಿ ತುಳಿದು ಬಂದಿವೆ. ಈಗ ಇಲ್ಲಿ ರೋಗ ಇಲ್ಲ ಅಂತ ಸೈನ್ ಯಾರು ಮಾಡ್ತಾರೆ? ನೀನು ಮಾಡ್ತೀಯಾ?”

ಮಾಡುತ್ತೇನೆ ಎನ್ನಬೇಕಿತ್ತು. ಎನ್ನಲಿಲ್ಲ. ಅವರು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಮೈಯೆಲ್ಲ ಉರಿಯಿತು.

ಮಧ್ಯಾಹ್ನಕ್ಕೆ ಗನ್ನಿನ ತೋಟಾ ಮುಗಿದವು. ಸುತ್ತಿಗೆ ತಂದರು. ಮರಿಗಳನ್ನು ಹಿಂಗಾಲು ಹಿಡಿದು... ಇಲ್ಲ, ಇದನ್ನು ಬರೆಯುವುದಿಲ್ಲ. ಬರೆಯುತ್ತೇನೆ. ಗೋಡೆಗೆ ಬಡಿದರು. ಒದ್ದೆ ಬಟ್ಟೆ ಒಗೆಯುವ ಸದ್ದು. ಕೊನೆಯದು ಮುದಿ ಹಂದಿ, ಅಣ್ಣ ಅದನ್ನು ಅಜ್ಜಿ ಎನ್ನುತ್ತಾನೆ. ಮೂರು ಏಟಿಗೂ ಬೀಳಲಿಲ್ಲ. ತಲೆ ಒಡೆದುಕೊಂಡೇ ಅಣ್ಣನ ಕಡೆ ನಡೆದು ಬಂತು. ಅಣ್ಣ ಪೊಲೀಸಿನವನ ಮುಂಗೈ ಕಚ್ಚಿ ಬಿಡಿಸಿಕೊಂಡು ಸುತ್ತಿಗೆಯವನ ದವಡೆಗೆ ಗುದ್ದಿದ. ಹಲ್ಲು ಉದುರಿತು. ಪೊಲೀಸರು ಅಣ್ಣನನ್ನು ನೆಲಕ್ಕೆ ಕೆಡವಿ ಲಾಠಿಯಲ್ಲಿ ಬಡಿದರು, ಸತ್ತ ಹಂದಿಗಳ ನಡುವೆಯೇ. ಬಿದ್ದಲ್ಲಿಂದಲೇ ಕೂಗಿದ —

“ಯಾವನೋ ಅವ್ನು ರಿಪೋರ್ಟ್ ಮಾಡಿದ್ದು? ಯಾವನು?”

ನಾನು ಐದು ಅಡಿ ದೂರದಲ್ಲಿದ್ದೆ.

ಮಾರ್ಚ್ 10, ಮಂಗಳವಾರ

ರಾಜಧಾನಿಗೆ ಫೋನ್ ಮಾಡಿದೆ. ನಕಾಶೆಯವನು ಸಿಕ್ಕಿದ. ಮೃದು ಮಾತು, ವಯಸ್ಸು ಹೆಚ್ಚಿರಲಾರದು.

“ಆ ಜಾಗಾನಾ ಮೇಡಂ? ನಮ್ಮಲ್ಲಿ ಫೇಮಸ್ ಅದು. ಮೂರು ವರ್ಷದಲ್ಲಿ ಆಡಿನ ಪ್ಲೇಗು, ಕೋಳಿ ಜ್ವರ, ಹುಚ್ಚು ನಾಯಿ, ಎಲ್ಲಾ ಅಲ್ಲೇ. ಒಟ್ಟು ನಲವತ್ತೊಂದು. ಅದಕ್ಕೇ ಈ ಸಲ ಮರುಪರಿಶೀಲನೆ ಬೇಡ ಅಂತ ನೇರ ಆರ್ಡರ್ ಹೋಯ್ತು.”

ನಲವತ್ತೊಂದು ಸಲ ಅತ್ತಿಗೆಯ ಟೀ ಕುಡಿದಿದ್ದೇನೆ.

ತಿದ್ದುಪಡಿ ಹೇಗೆ ಎಂದು ಕೇಳಿದೆ. ಸರಿಯಾದ ಜಾಗಕ್ಕೆ ಹೋಗಿ, ಅಲ್ಲಿಂದ ತಿದ್ದುಪಡಿ ಫಾರಂ ಕಳಿಸಬೇಕಂತೆ. ಅಲ್ಲಿ ಸಿಗ್ನಲ್ ಇಲ್ಲ ಎಂದೆ. “ಹಾಗಾದ್ರೆ ಸಿಗ್ನಲ್ ಇರೋ ಕಡೆಯಿಂದ ಕಳ್ಸಿ” ಎಂದ. ಫೋನು ಗೋಡೆಗೆ ಎಸೆದೆ. ಗಾಜು ಒಡೆಯಿತು, ಫೋನು ಸಾಯಲಿಲ್ಲ.

ಡಾಕ್ಟರು ಕರೆದು ಹೇಳಿದರು — ವಿಚಾರಣೆ ಮುಗಿಯೋವರೆಗೂ ಮನೇಲಿ ಬಾಯಿ ಬಿಡಬೇಡ.

ಮಾರ್ಚ್ 12, ಗುರುವಾರ

ಅಣ್ಣನನ್ನು ಠಾಣೆಯಿಂದ ಬಿಟ್ಟು ಕಳಿಸಿದ್ದಾರೆ. ಎರಡು ಪಕ್ಕೆಲುಬು ಮುರಿದಿವೆ. ಖಾಲಿ ದೊಡ್ಡಿಯ ಬಾಗಿಲಲ್ಲಿ ಕುಳಿತೇ ಇದ್ದಾನೆ. ಅಂಗಳವೆಲ್ಲ ಸುಣ್ಣ.

“ಅವರೇ ಕಣೇ. ಮೊಟ್ಟೆ ಮಾವ. ನನ್ನ ಕೈ ತಿರುಚಿ ಹಿಡ್ಕೊಂಡಿದ್ರಲ್ಲ, ಆಗ ನಿನ್ನ ಡಾಕ್ಟ್ರ ಪಕ್ಕ ನಿಂತು ಬೆರಳು ತೋರಿಸ್ತಿದ್ರು. ಕಣ್ಣಾರೆ ಕಂಡೆ.”

“ಅವರಲ್ಲ ಅಣ್ಣ.”

“ಮತ್ತ್ಯಾರು? ನೀನು ಆಫೀಸಿನೋಳು, ನಿನಗೆ ಗೊತ್ತಿರುತ್ತೆ. ಹೇಳು.”

ನಾಲಿಗೆಯ ತುದಿಗೆ ಬಂದಿತ್ತು. ಅತ್ತಿಗೆ ಟೀ ಹಿಡಿದು ನಿಂತಿದ್ದರು, ನನ್ನ ಲೋಟದಲ್ಲಿ ಎಂದಿನ ಹಾಗೆ ಸಕ್ಕರೆ ಕಡಿಮೆ. ಗೊತ್ತಿಲ್ಲ ಎಂದೆ. ಡಾಕ್ಟರ ಮಾತಿಗೆ ಹೆದರಿ ಅಲ್ಲ. ಅಣ್ಣನ ಕೈಗೂ ಅಲ್ಲ. ಅವನು ಇನ್ನು ಮುಂದೆ ನನ್ನನ್ನು ನೋಡುವ ನೋಟಕ್ಕೆ ಹೆದರಿದೆ.

ಭಾನುವಾರ ಹೇಳುತ್ತೇನೆ. ಸ್ವಲ್ಪ ತಣ್ಣಗಾಗಲಿ.

ಮಾರ್ಚ್ 13, ಶುಕ್ರವಾರ

ಅಣ್ಣ ಸಲಿಕೆಯಿಂದ ಮೊಟ್ಟೆ ಮಾವನಿಗೆ ಹೊಡೆದ.

ಮೊದಲು ಕೋಳಿಗಳನ್ನಂತೆ. ಗೂಡಿನೊಳಗೆ ನುಗ್ಗಿ ಸಿಕ್ಕಸಿಕ್ಕ ಹಾಗೆ ಬೀಸಿದನಂತೆ. ಮಾವ ತಡೆಯಲು ಓಡಿ ಬಂದರು. ಒಂದು ಏಟು ಭುಜಕ್ಕೆ, ಎರಡನೆಯದು ತಲೆಗೆ. ನಾನು ಹೋದಾಗ ಪುಕ್ಕ ಇನ್ನೂ ಗಾಳಿಯಲ್ಲಿ ಹಾರುತ್ತಿತ್ತು. ರಕ್ತ ಯಾರದು, ಕೋಳಿಯದೆಷ್ಟು, ಮನುಷ್ಯರದೆಷ್ಟು. ಅಣ್ಣ ಓಡಿಹೋಗಲಿಲ್ಲ. ನಲ್ಲಿಯಲ್ಲಿ ಸಲಿಕೆ ತೊಳೆದು ಅದರ ಜಾಗದಲ್ಲಿ ಇಟ್ಟು ಪೊಲೀಸರಿಗೆ ಕಾಯುತ್ತಿದ್ದ.

ಭಾನುವಾರ ಹೇಳುತ್ತೇನೆ ಎಂದು ನಿನ್ನೆ ಬರೆದಿದ್ದೇನೆ. ಮೇಲೆ ಇದೆ. ನನ್ನದೇ ಅಕ್ಷರ.

ಮಾರ್ಚ್ 16, ಸೋಮವಾರ

ಮಾವ ಬೆಳಿಗ್ಗೆ ಹೋದರು. ಎಚ್ಚರವಾಗಲೇ ಇಲ್ಲ.

ಆಸ್ಪತ್ರೆಯ ಕಾರಿಡಾರಿನಲ್ಲಿ ನಮ್ಮ ಡಾಕ್ಟರು ಸಿಕ್ಕಿದರು. ತಲೆ ಎತ್ತಲಿಲ್ಲ. “ಪಾಪ, ಒಳ್ಳೆಯವರು. ತಂಡ ಬಂದಾಗ ಗಾಡಿಗೇ ಅಡ್ಡ ನಿಂತಿದ್ರು. ಇಲ್ಲಿ ರೋಗ ಇಲ್ಲ ಸ್ವಾಮಿ, ಇವನ ತಂಗಿ ಹೋಗಿದ್ದು ಆ ಕಡೆ, ಆ ಕಡೆ ಅಂತ ಕಣಿವೆ ಕಡೆಗೆ ಬೆರಳು ತೋರ್ಸಿ ತೋರ್ಸಿ ಸಾಕಾದ್ರು.”

ಮನೆಗೆ ಬಂದು ಒಡೆದ ಗಾಜಿನ ಫೋನು ತೆಗೆದೆ. ಆ ದಿನದ ಹತ್ತೊಂಬತ್ತು ಕಾಲ್. ಹದಿನೈದು ಅತ್ತಿಗೆಯವು. ನಾಲ್ಕು ಹೆಸರಿಲ್ಲದ ನಂಬರು. ಇಷ್ಟು ದಿನ ನೋಡಿರಲಿಲ್ಲ. ಒತ್ತಿದೆ.

ಮಾವನ ಸೊಸೆ ಎತ್ತಿದರು. “ಮಾವನ ಫೋನು. ಯಾರು ಮಾತಾಡ್ತಿರೋದು?”

ಇಟ್ಟುಬಿಟ್ಟೆ.

ಮಾರ್ಚ್ 24, ಮಂಗಳವಾರ

ಜೈಲಿನಲ್ಲಿ ಅಣ್ಣನನ್ನು ನೋಡಿದೆ. ಹೇಳಲೆಂದೇ ಹೋಗಿದ್ದೆ. ಹುಬ್ಬಿನ ಗಾಯ ಒಣಗಿದೆ, ಮುಖ ತುಂಬಿಕೊಂಡಿದೆ. ಜಾಲರಿಗೆ ಬಾಯಿ ಹತ್ತಿರ ತಂದು ಗುಟ್ಟು ಹೇಳುವ ಹಾಗೆ ಹೇಳಿದ —

“ನಿದ್ದೆ ಬರ್ತಿದೆ ಕಣೇ ಈಗ. ಆ ದಿನದಿಂದ ಕಣ್ಣು ಮುಚ್ಚಿದ್ರೆ ಅಜ್ಜಿ ನಡ್ಕೊಂಡು ಬರ್ತಿತ್ತು. ಈಗ ಬರಲ್ಲ. ತಪ್ಪು ಮಾಡ್ದೆ, ಒಪ್ಕೊಂಡಿದೀನಿ, ಶಿಕ್ಷೆ ಆಗ್ಲಿ. ಆದ್ರೆ ಸರಿಯಾದವರಿಗೇ ಕೊಟ್ಟೆ ನೋಡು. ಅದೊಂದು ಸಾಕು.”

ಹತ್ತು ನಿಮಿಷ. ಊಟ ಸರಿ ಇದೆಯಾ ಎಂದು ಕೇಳಿ ಬಂದೆ.

ಬೀದಿಯಲ್ಲಿ ಈಗ ಮಾವನನ್ನು ಚಾಡಿಕೋರ ಎನ್ನುತ್ತಾರೆ. ಸೊಸೆಗೆ ಅಂಗಡಿಯಲ್ಲಿ ಯಾರೂ ಮುಖ ಕೊಟ್ಟು ಮಾತಾಡುವುದಿಲ್ಲ. ಅತ್ತಿಗೆಯೂ ಅವರ ಮುಂದೆ ಉಗಿದರಂತೆ. ಅತ್ತಿಗೆ! ಇರುವೆ ತುಳಿಯದ ಹೆಂಗಸು.

ಮಾರ್ಚ್ 31, ಮಂಗಳವಾರ, ಬೆಳಿಗ್ಗೆ 11:05

ಜೈಲಿನ ಬೆಂಚು. ನಂಬರು 14. ಈಗ 11 ನಡೆಯುತ್ತಿದೆ.

ಬೆಳಿಗ್ಗೆ ಆ್ಯಪಿನಲ್ಲಿ ಎರಡು ಮೆಸೇಜು ಬಂದವು. ಒಂದು — ಡಾಕ್ಟರು ಕಾಗದದಲ್ಲಿ ಬರೆದು ಕಳಿಸಿದ್ದ ತಿದ್ದುಪಡಿ ಅಂಗೀಕಾರವಾಗಿದೆ, ಚುಕ್ಕೆ ಕಣಿವೆಗೆ ಹೋಗಿದೆ. ಕಣಿವೆಯಲ್ಲಿ ಈಗ ಕೊಲ್ಲಲು ಏನೂ ಇಲ್ಲ. ಕಾದೂ ಕಾದು ಕಣಿವೆಯವನೇ ಎಲ್ಲವನ್ನೂ ಕಡಿದು ನಾನು ತೋಡಿಸಿದ ಗುಂಡಿಗೆ ಹಾಕಿದ್ದಾನೆ. ಅಕ್ಕಪಕ್ಕದ ಮೂರು ಊರಿಗೆ ಜ್ವರ ಹಬ್ಬಿದೆ.

ಎರಡನೆಯದು — ಅಣ್ಣನ ಮನೆಯಲ್ಲಿ ರೋಗವೇ ಬಂದಿರಲಿಲ್ಲವಾದ್ದರಿಂದ ಅಲ್ಲಿ ಕೊಂದ ದಾಖಲೆಯೂ ರದ್ದಾಗಿದೆ. ಅರವತ್ಮೂರು ಹಂದಿ, ಆರೋಗ್ಯ ಉತ್ತಮ. ಏಳು ದಿನದೊಳಗೆ ನಾನು ಹೋಗಿ ಲಸಿಕೆ ಹಾಕಿ, ಅಲ್ಲಿಂದಲೇ ಫಾರಂ ಕಳಿಸಬೇಕು. ಸಿಗ್ನಲ್ ಚೆನ್ನಾಗಿದೆ ಎಂದೂ ಇದೆ.

ನಕ್ಕೆ. ಬಸ್ಸಿನಲ್ಲಿ ಪಕ್ಕದವಳು ಎದ್ದು ಬೇರೆ ಸೀಟಿಗೆ ಹೋದಳು.

ಹಂದಿಗಳಾದರೂ ಕಾಗದದಲ್ಲಿ ಎದ್ದು ಕುಳಿತವು. ಮಾವನಿಗೆ ಯಾವ ತಿದ್ದುಪಡಿ ಫಾರಂ ಇದೆ? ನಾನೊಬ್ಬಳೇ ಇದ್ದೇನೆ. ಹೇಳಿದರೆ ಅಣ್ಣನ ನಿದ್ದೆ ಹೋಗುತ್ತದೆ, ಬಹುಶಃ ಇನ್ನೆಂದೂ ಬಾರದು. ಹೇಳದಿದ್ದರೆ ಆ ಮುದುಕರು ಎರಡನೇ ಸಲ ಸಾಯುತ್ತಾರೆ, ದಿನಾ, ಅಂಗಡಿಯ ಮುಂದೆ. ಮಾವನ ಸೊಸೆಯ ಮನೆಗೆ ಮೊದಲು ಹೋಗಿ ಹೇಳಿ ಬಂದೆ. ಬೈಯಲಿಲ್ಲ, ಹೊಡೆಯಲಿಲ್ಲ. “ನಿಮ್ಮಣ್ಣನಿಗೆ ಹೇಳಿ” ಎಂದು ಬಾಗಿಲು ಹಾಕಿಕೊಂಡರು.

13.

ಪೆನ್ನು ಒಳಗೆ ಬಿಡುವುದಿಲ್ಲವಂತೆ, ಇಲ್ಲೇ ಕೊಡಬೇಕು. ಜಾಲರಿಯ ಆಚೆ ಅಣ್ಣ ಬಂದು ಕುಳಿತಾಗಿದೆ. ನನ್ನನ್ನು ಕಂಡು ಕೈ ಎತ್ತಿದ. ಚೆನ್ನಾಗಿ ನಿದ್ದೆ ಮಾಡಿದ ಮುಖ. ಕ್ಷೇಮ ಸಮಾಚಾರ ಆಮೇಲೆ. ಮೊದಲ ಮಾತೇ ಅದಾಗಬೇಕು. ನೇರವಾಗಿ. ಅಣ್ಣಾ, ರಿಪೋರ್ಟ್ ಕಳಿಸಿದ್ದು