ತಿರುಗಿ ನೋಡಿದ ತಪ್ಪಿಗೆ

ಮಾನ್ಯ ಠಾಣಾಧಿಕಾರಿಗಳೇ,

ಅಂದು ಮಧ್ಯಾಹ್ನ ನಿಮ್ಮ ಠಾಣೆಯ ಒಳಕೋಣೆಯಲ್ಲಿ ತಾವು ನನಗೊಂದು ಪ್ರಶ್ನೆ ಕೇಳಿದ್ದಿರಿ. "ನೀನು ಅವನಲ್ಲ ಅಂದ್ರೆ, ಅವನ ಹೆಸರು ಕೂಗಿದಾಗ ಯಾಕಯ್ಯಾ ತಿರುಗಿದೆ?" ತಕ್ಷಣ ಉತ್ತರಿಸದೆ ಇದ್ದುದಕ್ಕೆ ಕ್ಷಮೆಯಿರಲಿ. ಆಗ ನನ್ನ ಎರಡು ಹಲ್ಲುಗಳು ನನ್ನ ಅಂಗೈಯಲ್ಲಿದ್ದವು, ದವಡೆ ಮುರಿದಿತ್ತು, ಬಾಯಿ ತುಂಬ ರಕ್ತವಿತ್ತು. ಸಾಹೇಬರ ಎದುರಿಗೆ ಉಗುಳುವುದು ಅಗೌರವವಾದೀತೆಂದು ಅದನ್ನೂ ನುಂಗಿಕೊಂಡೆ. ಈಗ ವೈದ್ಯರು ದವಡೆಯ ತಂತಿ ಬಿಚ್ಚಿದ್ದಾರೆ, ಆದ್ದರಿಂದ ಉತ್ತರ ಕೊಡುತ್ತಿದ್ದೇನೆ. ನಿಮ್ಮವರು ನಾಲ್ಕು ಜನ ನೋಡುವ ಹಾಗೆ ಹೊಡೆದರು. ನಾನು ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ನನ್ನ ಹೆಸರು ಬಹಳ ಸರಳವಾದದ್ದು. ಎರಡೇ ಅಕ್ಷರ, ಒಂದು ಒತ್ತಕ್ಷರ ಕೂಡ ಇಲ್ಲ. ನಾನು ಹುಟ್ಟಿದಾಗ ನಮ್ಮಜ್ಜಿ, "ಹಲ್ಲಿಲ್ಲದ ನನ್ನ ಬಾಯಿಗೂ ಬರೋವಂಥ ಹೆಸರಿಡ್ರಪ್ಪಾ" ಎಂದು ಹಟ ಹಿಡಿದು ಇಡಿಸಿದ ಹೆಸರು ಅದು. ಅಜ್ಜಿಯ ಬಾಯಿಗೆ ಬಂದ ಹೆಸರು ಆಮೇಲೆ ಇನ್ಯಾರ ಬಾಯಿಗೂ ಬರಲಿಲ್ಲ. ಶಾಲೆಯ ಮೇಷ್ಟರು ಹಾಜರಿ ಕೂಗುವಾಗ ದಿನಕ್ಕೊಂದು ಹೊಸ ಹೆಸರಿಡುತ್ತಿದ್ದರು. ತಿದ್ದಲು ಹೋದರೆ, "ನನಗಿಂತ ನಿನಗೆ ಚೆನ್ನಾಗಿ ಗೊತ್ತೇನೋ?" ಎಂದು ಬೆರಳ ಗೆಣ್ಣಿಗೆ ಬಿಗಿಯುತ್ತಿದ್ದರು. ನನ್ನ ಮದುವೆಯ ಕರೆಯೋಲೆಯಲ್ಲಿ ಬೇರೆ ಯಾರದೋ ಹೆಸರು ಅಚ್ಚಾಗಿ, ನೆಂಟರೆಲ್ಲ ಸಾಲಾಗಿ ಬಂದು "ಮೊದಲಿನ ಗಂಡು ಏನಾದ?" ಎಂದು ಅತ್ತೆಯನ್ನು ವಿಚಾರಿಸಿದರು. ಆ ಅತ್ತೆ ಇವತ್ತಿಗೂ ಅಪಾಯವೇ ಬೇಡವೆಂದು "ಅಳಿಯಂದ್ರೇ" ಎನ್ನುತ್ತಾರೆ. ನನ್ನ ಹೆಂಡತಿ ಮಾತ್ರ, ಮೊದಲ ಸಲ ಭೇಟಿಯಾದಾಗ ನಾನು ಹೆಸರು ಹೇಳಿದರೆ, "ಏನಂದ್ರಿ?" ಎಂದು ಕಿವಿ ಮುಂದೆ ಚಾಚದೆ ಅದೇ ಹೆಸರನ್ನು ಹಾಗೇ ಮರಳಿ ಹೇಳಿದಳು. ಕಟ್ಟಿಕೊಂಡರೆ ಇವಳನ್ನೇ ಎಂದು ಅವತ್ತೇ ನಿಶ್ಚಯಿಸಿಬಿಟ್ಟೆ.

ಇಂಥ ಹೆಸರು ಹೊತ್ತವನು ಮಾಡುವುದೇನು ಸ್ವಾಮಿ? ಎಷ್ಟು ಜನರನ್ನು ತಿದ್ದುತ್ತಾನೆ? ನಾನು ಸೋತು, ಹತ್ತಿರ ಹತ್ತಿರ ಬಂದ ಎಲ್ಲ ಹೆಸರಿಗೂ ಓಗೊಡಲು ಕಲಿತೆ. ಆಮೇಲೆ ಹತ್ತಿರ ಬಾರದ ಹೆಸರಿಗೂ ಓಗೊಟ್ಟೆ. ನಾನು ಸೇರಿದ ಕೆಲಸವೂ ಅದನ್ನೇ ಕಲಿಸಿತು. ನಮ್ಮದು ಕಬ್ಬಿಣದ ಕೆಲಸದ ಶೆಡ್ಡು. ಗೇಟು, ಮೆಟ್ಟಿಲು, ಚಾವಣಿಯ ತೊಲೆ, ಎಲ್ಲವನ್ನೂ ಕತ್ತರಿಸಿ ಬೆಸೆಯುತ್ತೇವೆ. ಗ್ರೈಂಡರಿನ ಕಿರುಚಾಟ, ಸುತ್ತಿಗೆಯ ಹೊಡೆತ, ತಗಡು ಎಳೆಯುವ ಸದ್ದು ಇವುಗಳ ನಡುವೆ ಯಾರ ಹೆಸರೂ ಪೂರ್ತಿ ಕೇಳಿಸುವುದಿಲ್ಲ. ಅದಕ್ಕೆ ನಮ್ಮ ಮೇಸ್ತ್ರಿ ಮೊದಲ ದಿನವೇ ಹೇಳಿಕೊಡುವ ಪಾಠ ಇದು: "ಯಾರ ಹೆಸರು ಕೂಗಿದ್ರೂ ಮೊದ್ಲು ತಿರುಗು. ನಿಂದಾ, ನಿಮ್ಮಪ್ಪಂದಾ ಅಂತ ಆಮೇಲೆ ವಿಚಾರಿಸ್ಕೋ. ತಲೆ ಉಳಿದ್ರೆ ತಾನೇ ಹೆಸರು?"

ಅದು ತಮಾಷೆಯ ಮಾತಲ್ಲ. ಒಮ್ಮೆ ಸರಪಳಿಯ ಕೊಂಡಿ ಕಿತ್ತಾಗ ಗಾಬರಿಯಲ್ಲಿ ಮೇಸ್ತ್ರಿಯ ಬಾಯಿಗೆ ಬಂದದ್ದು ಅವತ್ತು ರಜೆಯಲ್ಲಿದ್ದವನೊಬ್ಬನ ಹೆಸರು. ನಾನು ತಿರುಗಿದೆ, ಕಂಡಿತು, ಹಾರಿದೆ. ನಾನು ನಿಂತಿದ್ದ ಜಾಗದಲ್ಲಿ ತೊಲೆ ಬಿದ್ದು ಕಾಂಕ್ರೀಟು ನೆಲ ಒಡೆದಿತ್ತು. ರಜೆಯಲ್ಲಿದ್ದವನ ಹೆಸರಿಗೆ ತಿರುಗಿ ಬದುಕಿಕೊಂಡವನು ನಾನು. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ.

ಉಳಿದರ್ಧ ನಿಮ್ಮ ಠಾಣೆಯ ಕೆಲಸದ ವೈಖರಿಯಲ್ಲಿದೆ. ಪೇಟೆಬೀದಿಯ ಅಂಗಡಿಯವನೊಬ್ಬನ ತಲೆಗೆ ಯಾವನೋ ರೌಡಿ ಸಲಾಕೆಯಿಂದ ಬಾರಿಸಿ ಪರಾರಿಯಾಗಿದ್ದ. ನಿಮ್ಮ ಪೇದೆಗಳು ಅವನ ಮುಖ ನೋಡಿದವರಲ್ಲ, ಹೆಸರೊಂದನ್ನೇ ನೆನಪಿಟ್ಟುಕೊಂಡಿದ್ದರು. ಅಂಥವನನ್ನು ಹಿಡಿಯಲು ನಿಮ್ಮಲ್ಲಿ ಹಿರಿಯರು ಕಿರಿಯರಿಗೆ ದಾಟಿಸುತ್ತ ಬಂದ ಉಪಾಯವೊಂದಿದೆಯಂತೆ. ಜನ ಓಡಾಡುವ ಬೀದಿಯಲ್ಲಿ ಹಿಂದಿನಿಂದ ಜೋರಾಗಿ ಹೆಸರು ಕೂಗುವುದು, ತಿರುಗಿದವನನ್ನು ಮೊದಲು ಕೆಡವುವುದು, ಆಮೇಲೆ ಮಾತಾಡಿಸುವುದು. ಈ ಇಲಾಖಾ ರಹಸ್ಯವನ್ನು ನಾನು ಕದ್ದು ಕೇಳಿದ್ದಲ್ಲ. ಕೈಯಲ್ಲಿ ದಪ್ಪ ಉಂಗುರ ತೊಟ್ಟ ನಿಮ್ಮ ಪೇದೆಯೇ ನನ್ನ ಬೆನ್ನಿಗೆ ಮೊಣಕಾಲೂರಿ ಕುಳಿತು ಹೆಮ್ಮೆಯಿಂದ ಹೇಳಿದ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ಯಲ್ಲೋ ಮಗನೇ!" ಗಾದೆ ಚೆನ್ನಾಗಿದೆ. ಆದರೆ ದಿನವಿಡೀ ಹೆಗಲ ಮೇಲೆ ಕಬ್ಬಿಣ ಹೊರುವವನು ಯಾರು ಏನೆಂದರೂ ಹೆಗಲು ಮುಟ್ಟಿಕೊಳ್ಳುತ್ತಾನೆ, ಯಾಕೆಂದರೆ ಅದು ನೋಯುತ್ತಿರುತ್ತದೆ.

ನಡೆದದ್ದು ಇಷ್ಟು. ವೆಲ್ಡಿಂಗ್ ಕಡ್ಡಿಗಳ ಪೊಟ್ಟಣ ಹಿಡಿದು ಹಾರ್ಡ್‌ವೇರ್ ಅಂಗಡಿಯಿಂದ ಶೆಡ್ಡಿಗೆ ಹೊರಟಿದ್ದೆ. ಹಿಂದಿನಿಂದ ಕೂಗು ಬಂತು. ನನ್ನ ಹೆಸರಲ್ಲ ಅದು, ನನ್ನ ಹೆಸರಿನ ನೆರೆಮನೆಯದೂ ಅಲ್ಲ. ಆದರೂ ತಿರುಗಿದೆ. ಮುಖದಲ್ಲಿ ನಗುವೂ ಇತ್ತು. ಹೆಸರು ತಪ್ಪಿದವರಿಗೆ ಮುಜುಗರವಾಗದಿರಲಿ ಎಂದು ಮೊದಲೇ ನಕ್ಕುಬಿಡುವುದು ನನ್ನ ಹಳೆಯ ರೂಢಿ. ಲಾಠಿ ಬಿದ್ದದ್ದು ಆ ನಗುವಿನ ಮೇಲೆ. ಕಟಕ್ ಎಂದ ಸದ್ದು ನನಗೆ ಹೊರಗಿನಿಂದಲ್ಲ, ತಲೆಯ ಒಳಗಿನಿಂದ ಕೇಳಿಸಿತು. ಬಿದ್ದವನ ಪಕ್ಕೆಗೆ ಬೂಟು, ಎದ್ದರೆ ಬೆನ್ನಿಗೆ ಬೂಟು. ಉಂಗುರದ ಪೇದೆ ನನ್ನ ಕೂದಲು ಹಿಡಿದು ಮುಖವನ್ನು ಅಂಗಡಿಯ ಮೆಟ್ಟಿಲಿಗೆ ಒಮ್ಮೆ ಅಪ್ಪಳಿಸಿದ, ಸರಿಯಾಗಿ ತಾಗಲಿಲ್ಲವೆಂದು ಇನ್ನೊಮ್ಮೆ ಅಪ್ಪಳಿಸಿದ. ಬೆಸುಗೆಯ ಕಡ್ಡಿಗಳು ಬೀದಿಯ ತುಂಬ ಚೆಲ್ಲಿದವು. ಪೆನ್ಸಿಲಿನಷ್ಟು ದಪ್ಪವೂ ಇಲ್ಲದ ಆ ಕಡ್ಡಿಗಳು ನಿಮ್ಮ ವರದಿಯಲ್ಲಿ "ಕಬ್ಬಿಣದ ಮಾರಕಾಸ್ತ್ರಗಳು" ಆಗಿವೆಯಂತೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ಗಾದೆಯಲ್ಲಿ ಕೇಳಿದ್ದೆ, ಅವರಿಗೆ ಸಮವಸ್ತ್ರವೂ ಇರುತ್ತದೆಂದು ಗೊತ್ತಿರಲಿಲ್ಲ.

ಇನ್ನು ಒಳಕೋಣೆಯ ಕಥೆ. ಅಲ್ಲಿ ಬರೆದುಕೊಳ್ಳುವ ರೈಟರು "ಹೆಸರೇನೋ?" ಎಂದ. ಹೇಳಿದೆ. ಮುರಿದ ದವಡೆಯಿಂದ ಹೊರಬಿದ್ದದ್ದು ಹೆಸರಲ್ಲ, ಗೊರಗೊರ ಸದ್ದು. "ಸರಿಯಾಗಿ ಬೊಗಳೋ!" ಎಂದು ಉಂಗುರದ ಕೈ ಕೆನ್ನೆಗೆ ಬಂತು. ಮತ್ತೆ ಹೇಳಿದೆ, ಇನ್ನೂ ಕೆಟ್ಟದಾಗಿ ಬಂತು. ಮತ್ತೆ ಹೊಡೆದ. ಏಟು ಬಿದ್ದಂತೆಲ್ಲ ಉಚ್ಚಾರ ಕೆಡುತ್ತಿತ್ತು, ಉಚ್ಚಾರ ಕೆಟ್ಟಂತೆಲ್ಲ ಏಟು ಬೀಳುತ್ತಿತ್ತು. "ಇವ್ನಿಗೆ ತನ್ ಹೆಸರೇ ಹೇಳೋಕ್ ಬರಲ್ಲ ಕಣಯ್ಯಾ, ಸುಳ್ಳು ಹೆಸರು" ಎಂದು ರೈಟರು ತೀರ್ಮಾನಿಸಿದ. ಬೀಳದಿರಲೆಂದು ನಾನು ಕಿಟಕಿಯ ಗ್ರಿಲ್ಲು ಹಿಡಿದುಕೊಂಡಿದ್ದೆ. ಅದರ ಬೆಸುಗೆ ಕೈಗೆ ಗುರುತು ಸಿಕ್ಕಿತು. ಅದು ನಮ್ಮ ಶೆಡ್ಡಿನದೇ ಕೆಲಸ, ಗಟ್ಟಿಯಾಗಿತ್ತು.

ಆಗ ತಾವು ದಯಮಾಡಿಸಿದಿರಿ. ಬಾಗಿಲಲ್ಲಿ ನಿಂತು ಒಂದೇ ನೋಟಕ್ಕೆ, "ಥೂ! ಇವನಲ್ಲ ಕಣ್ರೋ. ಅವನಿಗೆ ಎಡಗಿವಿ ಅರ್ಧ ಇಲ್ಲ ಅಂತ ಹೇಳಿರಲಿಲ್ವಾ?" ಎಂದಿರಿ. ಹಿಂದಿನಿಂದ ಬರುವವರಿಗೆ ಮೊದಲು ಕಾಣುವುದೇ ಕಿವಿಯಲ್ಲವೇ ಮಾನ್ಯರೇ? ನನ್ನ ಎರಡು ಕಿವಿಯೂ ಬೀದಿಯುದ್ದಕ್ಕೂ ಅವರ ಕಣ್ಣೆದುರಿಗೇ ಇದ್ದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದಾಯಿತು ಎಂದು ಒಪ್ಪಿಕೊಳ್ಳುವ ಬದಲು, ತಾವು ಎಮ್ಮೆಯನ್ನೇ ಪ್ರಶ್ನೆ ಕೇಳಿದಿರಿ: ಯಾಕಯ್ಯಾ ತಿರುಗಿದೆ? ಆಮೇಲೆ ರೈಟರಿಗೆ ಒಂದು ಮಾತು ಹೇಳಿದಿರಿ. "ಉರುಫ್ ಹಾಕ್ಬಿಡು."

ಓದುಗರಿಗೆ ಹೇಳಬೇಕು: ಹಾಗೆಂದರೆ ನನ್ನ ಹೆಸರು ಬರೆದು, ಪಕ್ಕದಲ್ಲಿ ಉರುಫ್ ಎಂದು ಬರೆದು, ಮುಂದೆ ಆ ರೌಡಿಯ ಹೆಸರು ಸೇರಿಸುವುದು. ಈತನನ್ನು ಆ ಹೆಸರಿನಿಂದಲೂ ಕರೆಯುತ್ತಾರೆ, ಅದಕ್ಕೇ ತಿರುಗಿದ, ಅದಕ್ಕೇ ಹೊಡೆದೆವು, ಕಾನೂನಿಗೆ ಎಲ್ಲಿಯೂ ಗಾಯವಾಗಿಲ್ಲ. ಒಂದು ಸಹಿ ಹಾಕಿದರೆ ಆಗಲೇ ಆಸ್ಪತ್ರೆಗೆ ಕಳಿಸುವುದಾಗಿ ಹೇಳಿದಿರಿ. ನಾನು ಹಾಕಲಿಲ್ಲ. ಅಷ್ಟು ಹೊತ್ತಿಗೆ ಸುದ್ದಿ ತಿಳಿದು ಓಡಿಬಂದ ನನ್ನ ಹೆಂಡತಿ ನಿಮ್ಮ ಮೇಜು ಬಡಿದು ನನ್ನ ಹೆಸರು ಕೂಗಿ ಹೇಳಿದಳು. "ಅವರ ಹೆಸರು ಇದು! ಉರುಫೂ ಇಲ್ಲ, ಗಿರುಫೂ ಇಲ್ಲ! ಬರ್ಕೊಳ್ಳಿ!" ಆ ದಿನ ನಿಮ್ಮ ಠಾಣೆಯಲ್ಲಿ ನನ್ನ ಹೆಸರು ಸರಿಯಾಗಿ ಕೇಳಿಸಿದ್ದು ಅದೊಂದೇ ಸಲ. ಕಡೆಗೆ ಅವಳೇ ನನ್ನನ್ನು ಆಸ್ಪತ್ರೆಗೆ ಕರೆದೊಯ್ದಳು, ಉರುಫ್ ಮಾತ್ರ ನಿಮ್ಮ ಕಾಗದದಲ್ಲೇ ಉಳಿಯಿತು. ಈಗಲೂ ನಿಮ್ಮವರು ಮನೆಗೆ ಹೇಳಿ ಕಳಿಸುತ್ತಿದ್ದಾರೆ, ಸಹಿ ಹಾಕದಿದ್ದರೆ ಸರ್ಕಾರಿ ಕೆಲಸಕ್ಕೆ ಅಡ್ಡಿಪಡಿಸಿದ ಕೇಸು ಹಾಕುತ್ತಾರಂತೆ. ನಿಮ್ಮ ಲಾಠಿಗೆ ನನ್ನ ದವಡೆ ಅಡ್ಡ ಬಂದದ್ದು ನಿಜವೇ.

ಬಡವನ ಕೋಪ ದವಡೆಗೆ ಮೂಲ ಎನ್ನುತ್ತಾರೆ. ನನ್ನ ದವಡೆ ಹೋದಾಗ ನನಗಿನ್ನೂ ಕೋಪವೇ ಬಂದಿರಲಿಲ್ಲ. ಬಂದದ್ದು ಆಮೇಲೆ, ಹಲ್ಲಿಗೆ ಹಲ್ಲು ತಂತಿಯಲ್ಲಿ ಬಿಗಿದು, ಎಲ್ಲವನ್ನೂ ನೀರು ಮಾಡಿ ಸ್ಟ್ರಾದಲ್ಲಿ ಹೀರುತ್ತ ಮಲಗಿದ್ದಾಗ. ಸುಳ್ಳೇಕೆ ಹೇಳಲಿ? ಆ ಉಂಗುರವನ್ನು ಬೆರಳಿನ ಸಮೇತ ಗ್ಯಾಸ್ ಕಟ್ಟರಿನ ನೀಲಿ ಬೆಂಕಿಗೆ ಹಿಡಿದಿದ್ದೇನೆ, ಮನಸ್ಸಿನಲ್ಲಿ. ಅದು ಕೆಂಪಾಗಿ ಕರಗಿ ಮಾಂಸಕ್ಕೆ ಇಳಿಯುವುದನ್ನು ಹತ್ತಾರು ಸಲ ನೋಡಿದ್ದೇನೆ, ಕಿರುಚಾಟವನ್ನೂ ಕೇಳಿದ್ದೇನೆ. ಸಮಾಧಾನವಾಗಲಿಲ್ಲ. ನನಗೆ ನನ್ನ ಮೇಲೇ ಭಯವಾಯಿತು.

ದವಡೆ ಓರೆಯಾಗಿ ಕೂಡಿಕೊಂಡಿದೆ. ಈಗ ನನ್ನ ಹೆಸರು ನನ್ನ ಬಾಯಿಗೇ ಬರುವುದಿಲ್ಲ. ಹಲ್ಲಿಲ್ಲದ ಅಜ್ಜಿಗೆ ಬರುತ್ತಿದ್ದ ಹೆಸರು! ಮಾತು ಕಲಿಯುತ್ತಿರುವ ಮಗಳನ್ನು ಯಾರಾದರೂ "ಅಪ್ಪನ ಹೆಸರೇನು ಪುಟ್ಟೀ?" ಎಂದರೆ, ನಾನು ಹೇಳುವ ಹಾಗೆಯೇ ಪುಟ್ಟ ದವಡೆಯನ್ನು ಓರೆ ಮಾಡಿಕೊಂಡು ಹೇಳುತ್ತಾಳೆ. ಕೇಳಿದವರು ನಗುತ್ತಾರೆ. ನನ್ನ ಹೆಂಡತಿ ಎದ್ದು ಒಳಗೆ ಹೋಗುತ್ತಾಳೆ.

ಇದನ್ನೂ ಸಹಿಸಿಕೊಳ್ಳುತ್ತಿದ್ದೆನೇನೋ. ಆದರೆ ಕೆಲಸಕ್ಕೆ ಮರಳಿದ ಮೇಲೆ ನಡೆದದ್ದನ್ನು ನೀವು ಕೇಳಲೇಬೇಕು. ಶೆಡ್ಡಿನವರು ಅಯ್ಯೋ ಪಾಪ ಎಂದುಕೊಂಡು, ನಾನಿಲ್ಲದ ದಿನಗಳಲ್ಲಿ ನನ್ನ ಹೆಂಡತಿಯಿಂದ ಕೇಳಿ, ನನ್ನ ಹೆಸರನ್ನು ಸರಿಯಾಗಿ ಕರೆಯುವುದನ್ನು ಕಲಿತುಬಿಟ್ಟಿದ್ದರು. ಕಬ್ಬಿಣ ಕತ್ತರಿಸುವ ಕುಳ್ಳನಂತೂ ಬೇಕೆಂದೇ ದಿನಕ್ಕೆ ನೂರು ಸಲ ಕರೆಯುತ್ತಿದ್ದ. ಒಂದು ಬೆಳಿಗ್ಗೆ ಮೇಲೆತ್ತುತ್ತಿದ್ದ ತಗಡಿನ ಹಲಗೆ ಜಾರಿತು. ಮೇಸ್ತ್ರಿ ಕೂಗಿದ. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ನನ್ನ ಹೆಸರನ್ನೇ, ಅಕ್ಷರ ತಪ್ಪದೆ, ಕೂಗಿದ. ಗ್ರೈಂಡರು ನಿಂತಿತ್ತು, ಸ್ಪಷ್ಟವಾಗಿ ಕೇಳಿಸಿತು.

ನಾನು ತಿರುಗಲಿಲ್ಲ. ಹಿಂದಿನಿಂದ ಕೂಗು ಬಂದದ್ದೇ ತಡ, ಕತ್ತು ಕಲ್ಲಾಯಿತು, ಕೈ ದವಡೆಗೆ ಹೋಯಿತು, ಕಣ್ಣು ಮುಚ್ಚಿಕೊಂಡಿತು. ಕುಳ್ಳ ಓಡಿಬಂದು ನನ್ನನ್ನು ತಳ್ಳಿದ. ಹಲಗೆಯ ಅಂಚು ಅವನ ಮುಂಗೈ ಮೇಲೆ ಬಿತ್ತು. ಮೂಳೆ ಚರ್ಮ ಹರಿದು ಹೊರಗೆ ಬಂದಿತ್ತು, ಬೆಳ್ಳಗೆ. ಆಸ್ಪತ್ರೆಗೆ ಸಾಗಿಸುವಾಗ ಆ ಪುಣ್ಯಾತ್ಮ ಹಲ್ಲು ಕಚ್ಚಿಕೊಂಡೇ, "ನಿನ್ನ ಹೆಸರು ಸರಿಯಾಗಿ ಕಲ್ತಿದ್ದೇ ತಪ್ಪಾಯ್ತು ನೋಡಪ್ಪಾ" ಎಂದ. ನಾನು ಅವನ ಇನ್ನೊಂದು ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಸಂಜೆ ಮೇಸ್ತ್ರಿ ನನ್ನನ್ನು ಪಕ್ಕಕ್ಕೆ ಕರೆದ. "ಕೈಯಲ್ಲಿ ಕೆಲಸ ಇದೆ ನಿಂಗೆ, ಕತ್ತಲ್ಲಿ ಇಲ್ಲ. ತಿರುಗೋದು ಬರೋವರೆಗೂ ಶೆಡ್ಡಿಗೆ ಬರಬೇಡ. ಇನ್ನೊಬ್ಬನ ಕೈ ಕಳ್ಕೊಳ್ಳೋಕೆ ನನ್ನಿಂದ ಆಗಲ್ಲ." ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ದವಡೆಗೆ ವೈದ್ಯರು ಸಿಕ್ಕರು. ಕತ್ತಿಗೆ ಮದ್ದು ಎಲ್ಲಿದೆ ಹೇಳಿ? ಬಹಳ ಯೋಚಿಸಿ ನನಗೆ ತೋಚಿದ್ದನ್ನು ಬೇಡಿಕೆಯಾಗಿ ನಿಮ್ಮ ಮುಂದೆ ಇಡುತ್ತಿದ್ದೇನೆ. ಮೊದಲು ಆ ಉರುಫ್ ಹೊಡೆದುಹಾಕಿ. ಹೊಡೆಯುವುದರಲ್ಲಿ ನೀವು ನಿಸ್ಸೀಮರು, ಅದನ್ನೂ ಒಮ್ಮೆ ಹೊಡೆಯಿರಿ. ಆಮೇಲೆ ತಾವೂ ಉಂಗುರದ ಪೇದೆಯೂ ನಮ್ಮ ಮನೆಗೆ ಬನ್ನಿ. ಈ ಪತ್ರದಲ್ಲಿ ನನ್ನ ಹೆಸರನ್ನು ಎಲ್ಲಿಯೂ ಬರೆಯದಿರುವುದು ಇದಕ್ಕಾಗಿಯೇ. ಅದನ್ನು ನೀವು ಕಾಗದದಲ್ಲಿ ಓದಿಕೊಂಡರೆ ಸಾಲದು. ನನ್ನ ಹೆಂಡತಿಯ ಎದುರು ನಿಂತು, ಅವಳು ಸರಿ ಎನ್ನುವವರೆಗೂ ಹೇಳಿ ಹೇಳಿ ಕಲಿಯಬೇಕು. ಹೆದರಬೇಡಿ, ತಪ್ಪಿದರೆ ಅವಳು ಹೊಡೆಯುವುದಿಲ್ಲ.

ಕಲಿತ ಮೇಲೆ ಅದೇ ಬೀದಿಗೆ ಹೋಗೋಣ. ಲಾಠಿ ಬೇಡ, ಬರಿಗೈಯಲ್ಲಿ ಬನ್ನಿ. ನಾನು ಹಾರ್ಡ್‌ವೇರ್ ಅಂಗಡಿಯ ಕಡೆಯಿಂದ ಅವತ್ತಿನ ಹಾಗೇ ನಡೆದು ಹೋಗುತ್ತಿರುತ್ತೇನೆ. ಹಿಂದಿನಿಂದ ನನ್ನ ಹೆಸರು ಕೂಗಿ. ನಾನು ತಿರುಗಲು ಪ್ರಯತ್ನಿಸುತ್ತೇನೆ. ಬೇಗ ಆಗಲಿಕ್ಕಿಲ್ಲ, ನಡುಬೀದಿಯಲ್ಲಿ ನಿಂತೇಬಿಡಬಹುದು, ತಾವು ಕಾಯಬೇಕು. ಮತ್ತೆ ಕೂಗಬೇಕು. ಕಡೆಗೊಮ್ಮೆ ನಾನು ತಿರುಗಿದಾಗ, ಮಾನ್ಯರೇ, ತಾವು ಏನೂ ಮಾಡದೆ ಸುಮ್ಮನೆ ನಿಂತಿರಬೇಕು.

ಇಂತಿ,
ಕತ್ತು ತಿರುಗುವ ದಿನಕ್ಕಾಗಿ ಕಾಯುತ್ತಿರುವ
ಉರುಫ್ ಇಲ್ಲದವನು