ಬಣ್ಣ ಬಾರದ ಸಾಲು

ಜೂನ್ 3, ಬೆಳಿಗ್ಗೆ

ಶಟರ್ ಎತ್ತಿದೆ. ಚಹಾ ಬಂತು. ಕಂಪ್ಯೂಟರಿನಲ್ಲಿ ಸ್ಟಾಕ್ ಶೀಟ್ ತೆರೆದೆ. ಎಲ್ಲಾ ಹಸಿರು — ಕಣ್ಣಿಗೆ ತಂಪು. ಜಂತಿನ ಔಷಧ ಮಾತ್ರ ಹಳದಿ. ಸಂಜೆ ಆರ್ಡರ್ ಹಾಕಿದರಾಯಿತು.

ಈ ಬಣ್ಣಗಳ ರೂಲ್ ಎಲ್ಲ ನನ್ನದೇ. ಉಳಿದದ್ದು ಹತ್ತರೊಳಗಾದರೆ ಹಳದಿ, ಐದರೊಳಗೆ ಕೆಂಪು. ಸಂಖ್ಯೆ ಇಲ್ಲದ ಕೋಣೆ ಬಿಳಿ — ಇಲ್ಲದಿದ್ದರೆ ಇನ್ನೂ ತುಂಬದ ಸಾಲುಗಳೆಲ್ಲ ಕೆಂಪಾಗಿ ತಲೆ ತಿನ್ನುತ್ತವೆ. ಬೆಳಗಾವಿ ಅಂಗಡಿಯ ಸ್ಟಾಕ್ ನಾನು ತುಂಬುತ್ತೇನೆ. ಖಾನಾಪುರ ಶಾಖೆಯದು ಅಲ್ಲಿ ಕೂರುವ ಕಾಡವ್ವಕ್ಕ, ಮೊಬೈಲಿನಲ್ಲಿ.

ಮಾಲಕರು ಕಲ್ಲಯ್ಯನವರು ಹಣಿಕಿ ಹಾಕಿದರು. “ಶೀತಲ, ಬಣ್ಣಾ ಹಚ್ಚಿದ್ರ ದನದ ಔಷಧ ತಾನ ನಡಕೋಂತ ಬರತೈತೇನವಾ?”

“ಬರತೈತ್ರಿ. ನೋಡಕೋಂತ ಇರ್ರಿ.”

ಜೂನ್ 8

ಬಂತಲ್ಲ! ಖಾನಾಪುರದ ಕೆಚ್ಚಲಬಾವಿನ ಮುಲಾಮು ಕೆಂಪಾಯಿತು. ತಕ್ಷಣ ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸಿದೆ. ಕಾಡವ್ವಕ್ಕ ಫೋನ್: “ನಾ ಇನ್ನೂ ಹೇಳೇ ಇಲ್ಲ, ಮಾಲು ಬಂದ ಬಿಟ್ಟೈತಲ್ಲ ತಂಗಿ!” ಉಬ್ಬಿದೆ. ಉಬ್ಬಬಾರದೇಕೆ?

ನಮ್ಮಣ್ಣ ಬೀರೇಶನ ಕುರಿಹಿಂಡು ಖಾನಾಪುರದ ಬಾಜೂಕೇ ತಂಗಿದೆಯಂತೆ. ಮಳೆ ಬಿದ್ದಿದೆ, ಎಳೆ ಹುಲ್ಲು. ಏನೇ ಬೇಕಾದರೂ ನಮ್ಮ ಅಂಗಡಿಗೇ ಹೋಗು, ಅಲ್ಲಿ ಇಲ್ಲ ಅನ್ನುವ ಮಾತೇ ಇಲ್ಲ ಅಂತ ಅವನಿಗೆ ಹೇಳಿದೆ.

ಜೂನ್ 18, ಮಧ್ಯಾಹ್ನ

ಇದನ್ನು ಬರೆಯುವ ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಹಸಿ ಹುಲ್ಲು ತಿಂದು ಅಣ್ಣನ ಕುರಿಗಳ ಹೊಟ್ಟೆ ಉಬ್ಬಿತು. ನಮ್ಮ ಖಾನಾಪುರದ ಅಂಗಡಿಗೆ ಓಡಿದ. ಹೊಟ್ಟೆಯುಬ್ಬರದ ಬಾಟಲಿ ಒಂದೂ ಇಲ್ಲ. ಶೇಂಗಾ ಎಣ್ಣೆ ಕುಡಿಸಿ ಉಳಿದವನ್ನು ಉಳಿಸಿಕೊಂಡ. ಗಂಟೆ ಕಟ್ಟಿದ ಟಗರು ಹೋಯಿತು. ಅವನು ಮರಿಯಿಂದ ಹಾಲು ಕುಡಿಸಿ ಸಾಕಿದ್ದು.

“ನಿನ್ನ ಬಣ್ಣದ ಹಾಳಿ ಏನ್ ಮಾಡತಿತ್ತ?” ಅಂದ. ಫೋನ್ ಇಟ್ಟುಬಿಟ್ಟ.

ಶೀಟ್ ನೋಡಿದೆ. ಆ ಕೋಣೆ ಬಿಳಿ. ಶನಿವಾರ ಹಳದಿ ಇತ್ತು, ಏಳು ಬಾಟಲಿ; ಕೆಂಪಾದಾಗ ಕಳಿಸಿದರಾಯಿತು ಅಂದುಕೊಂಡಿದ್ದೆ. ಭಾನುವಾರ ಯಾರೋ ಒಬ್ಬರೇ ಎಲ್ಲಾ ಒಯ್ದಿದ್ದಾರೆ. ನಿನ್ನೆ ಕೆಂಪು ಕಾಣಲಿಲ್ಲ, ನಾನೂ ಕಳಿಸಲಿಲ್ಲ.

ಕಾಡವ್ವಕ್ಕನ ಮೇಲೆ ಹರಿಹಾಯ್ದೆ. ಸೊನ್ನೆ ಯಾಕೆ ಹಾಕಲಿಲ್ಲ?

“ಅಂಗಡ್ಯಾಗ ಕುಂತು ಸೊನ್ನಿ ಹೆಂಗ ಬರೀಲಿ ತಂಗಿ? ಲಕ್ಷ್ಮಿ ಇರೂ ಜಾಗಾ. ಅಳಿಸಿ ಬಿಟ್ಟೆ.”

ಫೋನ್ ಇಟ್ಟೆ. ನಮ್ಮವ್ವನೂ ಅಕ್ಕಿ ಡಬ್ಬಿಯಲ್ಲಿ ಒಂದು ಹಿಡಿ ಬಿಡದೆ ತೆಗೆಯುವವಳಲ್ಲ. ಅದೇ ಮನೆಯಲ್ಲಿ ಬೆಳೆದವಳು ನಾನು. ರೂಲ್ ಬರೆಯುವಾಗ ಎಲ್ಲಿತ್ತು ಬುದ್ಧಿ?

ಜೂನ್ 19

ರೂಲ್ ತಿದ್ದಿದೆ. ಮಾರುವ ಸಾಮಾನಿನ ಮುಂದೆ ಏನೂ ಇಲ್ಲದಿದ್ದರೆ — ಗಾಢ ಕೆಂಪು. ಬೇಡದ ಸಾಲುಗಳನ್ನು ಕಿತ್ತು ಹಾಕಿದೆ. ಅಳಿಸಿ ಅಳಿಸಿ ನೋಡಿದೆ, ಪ್ರತಿ ಸಲ ಕೆಂಪು. ಕಾಡವ್ವಕ್ಕನಿಗೆ ಫೋನ್ ಮಾಡಿದೆ.

“ಅಕ್ಕಾರ, ನೀವು ಸೊನ್ನಿ ಬರೀಬ್ಯಾಡ್ರಿ. ಅಳಿಸಿದ್ರ ಸಾಕು, ನನಗ ತಿಳೀತೈತಿ.”

“ಖರೇನ?”

“ಖರೇ.”

ಕಲ್ಲಯ್ಯನವರು ಹಳೇ ಪದ್ಧತಿಯೇ ಇರಲಿ, ಫೋನ್ ಮಾಡಿ ಕೇಳು ಅಂದರು. ಆಗಲ್ಲ ಅಂದೆ. ತಪ್ಪಿದ್ದು ಒಂದು ರೂಲ್. ಶೀಟ್ ಅಲ್ಲ.

ಅಣ್ಣ ಫೋನ್ ಎತ್ತುತ್ತಿಲ್ಲ.

ಜೂನ್ 27, ಬೆಳಿಗ್ಗೆ

ಖಾನಾಪುರದಲ್ಲಿ ರಾತ್ರಿಯಿಡೀ ಮಳೆಯಂತೆ. ಶಟರ್ ಎತ್ತಿದ್ದೇ ತಡ, ಶೀಟ್. ಹೊಟ್ಟೆಯುಬ್ಬರದ ಸಾಲಿನಲ್ಲಿ ಸಂಖ್ಯೆ ಮಾಯ. ಗಾಢ ಕೆಂಪು! ಚಹಾ ಅಲ್ಲೇ ಬಿಟ್ಟು ಬಸ್ ಸ್ಟ್ಯಾಂಡಿಗೆ ಓಡಿದೆ. ಬಾಟಲಿಗಳ ಡಬ್ಬಿ ಬಸ್ಸು ಹತ್ತಿತು. ಕಂಡಕ್ಟರ್ ನಂಬರ್ ಕಾಡವ್ವಕ್ಕನಿಗೆ ಕಳಿಸಿದೆ.

ಈಗ ಬಂದು ಕೂತೆ. ಚಹಾ ಆರಿದೆ. ಕುಡಿದೆ. ಬಸ್ಸು ಖಾನಾಪುರ ಮುಟ್ಟುವ ಹೊತ್ತು —

ಫೋನ್. ಬೀರೇಶಣ್ಣ! ಒಂಬತ್ತು ದಿನದ ಮೇಲೆ. ಬಾಟಲಿ ಇಲ್ಲ ಅಂತ ಬೈಯಲಿಕ್ಕೇ ಇರಬೇಕು. ಬೈಯಲಿ. ನೀ ಸ್ಟ್ಯಾಂಡಿಗೆ ಹೋಗಿ ನಿಲ್ಲು, ಬಸ್ಸು ಬಂದೇ ಬಿಟ್ಟಿತು ಅಂತ ಹೇಳುತ್ತೇನೆ. ಎತ್ತುತ್ತಿದ್ದೇನೆ.